ಆರೈಕೆ ಮಾಡುವ ಕೈಗಳಿಗೆ ಒಂದು ಹಿತ್ತಲು

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಊರಿನವರೆಲ್ಲ ಬಂದು ಮಾತನಾಡಿಸಿ ಹೋಗುತ್ತಾರೆ. ಊಟ ಸೇರುತ್ತದೆಯೇ, ನಿದ್ದೆ ಬರುತ್ತದೆಯೇ, ಔಷಧ ನಾಟುತ್ತಿದೆಯೇ ಎಂದು ಮಲಗಿದವರ ಕ್ಷೇಮವನ್ನು ವಿಚಾರಿಸುತ್ತಾರೆ. ಒಳ್ಳೆಯ ಸಂಪ್ರದಾಯವೇ ಸರಿ. ಆದರೆ ಬಾಗಿಲ ಬಳಿ ನಿಂತು ಇದಕ್ಕೆಲ್ಲ ಉತ್ತರ ಹೇಳುವ ಸೊಸೆಗೆ, ಮಡದಿಗೆ, ಮಗಳಿಗೆ ಇದೇ ಮೂರು ಪ್ರಶ್ನೆಗಳನ್ನು ಕೇಳಿದವರು ಎಷ್ಟು ಮಂದಿ? ನಾವು ಕಂಡ ಮಟ್ಟಿಗೆ ಬಹಳ ವಿರಳ.

ಆರೈಕೆ ಎಂದರೆ ಏನೆಂಬುದು ಮಾಡಿದವರಿಗೇ ಗೊತ್ತು. ಲಕ್ವ ಹೊಡೆದು ಮಲಗಿದವರನ್ನು ಎರಡು ತಾಸಿಗೊಮ್ಮೆ ಮಗ್ಗಲು ಹೊರಳಿಸದಿದ್ದರೆ ಬೆನ್ನಿಗೆ ಹುಣ್ಣು ಬೀಳುತ್ತದೆ. ಆ ಎರಡು ತಾಸಿನ ಲೆಕ್ಕ ರಾತ್ರಿಗೂ ಅನ್ವಯಿಸುತ್ತದೆ. ಮರೆವಿನ ಕಾಯಿಲೆ ಬಂದ ಹಿರಿಯರು ನಡುರಾತ್ರಿ ಎದ್ದು ಅಗಳಿ ತೆಗೆದು, ತಾವೇ ಕಟ್ಟಿಸಿದ ಮನೆಯಲ್ಲಿ ನಿಂತು, ‘ನಮ್ಮ ಮನೆಗೆ ಹೋಗುತ್ತೇನೆ, ಬಿಡು’ ಎನ್ನುತ್ತಾರೆ. 1981ರಲ್ಲಿ ಅಮೆರಿಕದಲ್ಲಿ ನ್ಯಾನ್ಸಿ ಮೇಸ್ ಮತ್ತು ಪೀಟರ್ ರೇಬಿನ್ಸ್ ಎಂಬಿಬ್ಬರು ಇಂಥ ರೋಗಿಗಳ ಮನೆಯವರಿಗಾಗಿ ಒಂದು ಪುಸ್ತಕ ಬರೆದರು. ಅದಕ್ಕೆ ಅವರಿಟ್ಟ ಹೆಸರಿನ ಅರ್ಥ ‘36 ತಾಸಿನ ದಿನ’ ಎಂದು. ಇಪ್ಪತ್ನಾಲ್ಕು ತಾಸಿನಲ್ಲಿ ಮುಗಿಯದ ಕೆಲಸವನ್ನು ಅನುಭವಿಸಿದ ಯಾವ ತಾಯಿಗೂ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥವರನ್ನು ನಾವು ಹೊಗಳುವುದರಲ್ಲಿ ಮಾತ್ರ ಹಿಂದೆ ಬಿದ್ದಿಲ್ಲ. ‘ತ್ಯಾಗಮಯಿ’, ‘ಮನೆಯ ನಂದಾದೀಪ’ ಎನ್ನುತ್ತೇವೆ, ಸಭೆಯಲ್ಲಿ ಶಾಲು ಹೊದಿಸುತ್ತೇವೆ. ದೀಪಕ್ಕೂ ಎಣ್ಣೆ ಬೇಕಲ್ಲವೇ? ತಂದೆತಾಯಿಗಳ ಪೋಷಣೆಗಾಗಿ 2007ರಲ್ಲಿ ಕೇಂದ್ರ ಸರ್ಕಾರದ ಕಾನೂನು ಬಂದಿತು. ನೋಡಿಕೊಳ್ಳದ ಮಕ್ಕಳಿಂದ ಜೀವನಾಂಶ ಕೊಡಿಸುವ ಅಧಿಕಾರ ಅದರಲ್ಲಿದೆ. ಅದು ಬೇಕಾದದ್ದೇ. ಆದರೆ ನೋಡಿಕೊಳ್ಳುತ್ತಿರುವವರಿಗೆ ದಿನಕ್ಕೆ ಒಂದು ತಾಸು ಉಸಿರಾಡಲು ಬಿಡಿ ಎಂದು ಕಾನೂನು ಹೇಳಲಾರದು. ಅದನ್ನು ಮನೆಯ ಹಿರಿಯರು ಹೇಳಬೇಕು.

ಆ ಒಂದು ತಾಸನ್ನು ಹಿತ್ತಲಿನಲ್ಲಿ ಕಳೆಯಲಿ ಎಂಬುದು ನಮ್ಮ ಸೂಚನೆ. ಹಿತ್ತಲೇ ಏಕೆ? ತವರಿಗೆ ಹೋಗೋಣವೆಂದರೆ ರೋಗಿಯನ್ನು ಬಿಟ್ಟು ಹೋಗಲಾಗದು. ಜಾತ್ರೆಗೆ ಹೋದರೆ ಮನಸ್ಸು ಮನೆಯಲ್ಲೇ ಉಳಿಯುತ್ತದೆ. ಟಿ.ವಿ. ಹಚ್ಚಿದರೆ ಅದರಲ್ಲಿ ಮತ್ತೊಬ್ಬ ಅತ್ತೆ, ಮತ್ತೊಬ್ಬ ಸೊಸೆ, ಮತ್ತೊಂದು ಕಣ್ಣೀರು. ಹಿತ್ತಲಾದರೋ ಹತ್ತು ಹೆಜ್ಜೆಯ ದೂರ. ಕೂಗಿದರೆ ಕೇಳಿಸುತ್ತದೆ. ಆದರೂ ಅಲ್ಲಿ ಔಷಧದ ವಾಸನೆ ಇಲ್ಲ, ಮಣ್ಣಿನ ವಾಸನೆ ಇದೆ.

ಇದಕ್ಕಿಂತ ಮುಖ್ಯವಾದ ಕಾರಣ ಬೇರೆ ಇದೆ. ದೀರ್ಘ ಕಾಯಿಲೆಯವರ ಸೇವೆಯಲ್ಲಿ ಮನುಷ್ಯನನ್ನು ಕುಗ್ಗಿಸುವುದು ಮೈಯ ದಣಿವೊಂದೇ ಅಲ್ಲ. ಮಾಡಿದ್ದು ಕಣ್ಣಿಗೆ ಕಾಣುವುದಿಲ್ಲ. ಬೆಳಿಗ್ಗೆ ಸ್ವಚ್ಛ ಮಾಡಿದ ಹಾಸಿಗೆ ಮಧ್ಯಾಹ್ನಕ್ಕೆ ಮತ್ತೆ ಹಾಗೆಯೇ. ಎಷ್ಟೇ ಶ್ರದ್ಧೆಯಿಂದ ಮಾಡಿದರೂ ರೋಗಿ ಹೋದ ವರ್ಷಕ್ಕಿಂತ ಈ ವರ್ಷ ಸೋತಿರುತ್ತಾರೆ. ರೈತನಿಗೆ ಸುಗ್ಗಿ ಇದೆ, ನೇಕಾರನಿಗೆ ಮುಗಿದ ಸೀರೆ ಇದೆ. ಈ ತಾಯಿಗೆ ಏನಿದೆ? ಅವಳು ಒಂದು ಹಿಡಿ ಮೆಂತ್ಯವನ್ನು ರಾತ್ರಿ ನೆನೆಸಿ ಮಣ್ಣಿಗೆ ಚೆಲ್ಲಲಿ. ನಾಲ್ಕೈದು ದಿನದಲ್ಲಿ ಮಣ್ಣು ಬಿರಿದು ಎರಡೆಲೆ ಮೇಲೆ ಬರುತ್ತದೆ. ತಿಂಗಳೊಳಗೆ ಕೊಯ್ದು ಪಲ್ಯ ಮಾಡಬಹುದು. ತಾನು ಮುಟ್ಟಿದ್ದು ಬೆಳೆಯುತ್ತದೆ, ಕಳೆಗುಂದುವುದಿಲ್ಲ ಎಂದು ಅವಳ ಕೈಗೆ ಯಾರಾದರೂ ತಿಳಿಸಬೇಕಾಗಿದೆ. ಮೆಂತ್ಯ ತಿಳಿಸುತ್ತದೆ. ನಮ್ಮ ಪ್ರವಚನಗಳಿಗಿಂತ ಸ್ಪಷ್ಟವಾಗಿಯೇ ತಿಳಿಸುತ್ತದೆ ಎಂದರೆ ಯಾರೂ ಬೇಸರಿಸಬಾರದು.

ಇದು ಬರಿಯ ಭಾವನೆಯ ಮಾತಲ್ಲ. 1984ರಲ್ಲಿ ರೋಜರ್ ಅಲ್ರಿಕ್ ಎಂಬ ವಿದ್ವಾಂಸರು ಅಮೆರಿಕದ ಪೆನ್ಸಿಲ್ವೇನಿಯದ ಒಂದು ಆಸ್ಪತ್ರೆಯ ದಾಖಲೆಗಳನ್ನು ಪರಿಶೀಲಿಸಿ ಪ್ರಕಟಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ ಕಿಟಕಿಯಿಂದ ಮರಗಳು ಕಾಣುತ್ತಿದ್ದವರು, ಇಟ್ಟಿಗೆಯ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದರು. ನೋವಿಗೆ ಬಲವಾದ ಔಷಧವೂ ಅವರಿಗೆ ಕಡಿಮೆ ಬೇಕಾಯಿತು. 2011ರಲ್ಲಿ ಹಾಲೆಂಡಿನಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ತೋಟದ ಹವ್ಯಾಸವಿರುವ 30 ಜನರಿಗೆ ಮೊದಲು ತಲೆ ಬಿಸಿಯಾಗುವ ಕೆಲಸ ಕೊಟ್ಟು, ಬಳಿಕ ಕೆಲವರನ್ನು ಅರ್ಧ ತಾಸು ತೋಟದಲ್ಲಿ ದುಡಿಸಿದರು, ಉಳಿದವರನ್ನು ಒಳಗೆ ಓದುತ್ತ ಕೂರಿಸಿದರು. ದುಗುಡದ ಸಮಯದಲ್ಲಿ ದೇಹದಲ್ಲಿ ಏರುವ ಕಾರ್ಟಿಸಾಲ್ ಎಂಬ ರಸ ಇಬ್ಬರಲ್ಲೂ ಇಳಿಯಿತು, ತೋಟದವರಲ್ಲಿ ಹೆಚ್ಚು ಇಳಿಯಿತು. ಇವು ಆರೈಕೆ ಮಾಡುವವರ ಮೇಲೆಯೇ ನಡೆದ ಪರೀಕ್ಷೆಗಳಲ್ಲ, ನಿಜ. ಆದರೆ ಅವರ ದೇಹ ಬೇರೆ ಮಣ್ಣಿನಿಂದಾದದ್ದಲ್ಲವಷ್ಟೆ.

ಇಲ್ಲೊಂದು ಎಚ್ಚರಿಕೆಯ ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಈ ಬರಹ ಓದಿದ ಯಜಮಾನರು ನಾಳೆ ಮನೆಯಲ್ಲಿ, ‘ಕೈತೋಟ ಮಾಡಮ್ಮ, ಒಳ್ಳೆಯದಂತೆ’ ಎಂದು ಹೇಳಿ ಕಟ್ಟೆಗೆ ಹೋಗಿ ಕುಳಿತರೆ, ಹತ್ತು ಕೆಲಸದ ಮೇಲೆ ಹನ್ನೊಂದನೆಯದು ಹೇರಿದಂತಾಯಿತು. ಅವಳು ಹಿತ್ತಲಿನಲ್ಲಿರುವಾಗ ರೋಗಿಯ ಬಳಿ ಕೂರುವವರು ಯಾರು? ಇದು ಮೊದಲು ನಿರ್ಧಾರವಾಗಬೇಕು. ಗಂಡ ಕೂರಲಿ. ಕಾಲೇಜಿನ ಮೊಮ್ಮಗ ಮೊಬೈಲು ಹಿಡಿದೇ ಕೂರಲಿ, ಪರವಾಗಿಲ್ಲ. ನೆರೆಮನೆಯ ಹಿರಿಯರು ಸಂಜೆ ಅಲ್ಲೇ ಬಂದು ಊರಿನ ಸುದ್ದಿ ಮಾತನಾಡಲಿ, ಮಲಗಿದವರಿಗೂ ಹೊತ್ತು ಹೋಗುತ್ತದೆ. ಗಂಡಸರಿಗೆ ಈ ಕೆಲಸ ಬಾರದು ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಗಬ್ಬದ ಹಸುವಿನ ಬಳಿ ರಾತ್ರಿಯಿಡೀ ಲಾಟೀನು ಹಿಡಿದು ಕೂತವರಿಗೆ ಹೆತ್ತ ತಾಯಿಯ ಬಳಿ ಒಂದು ತಾಸು ಕೂರಲು ಬಾರದೇ?

ಹಾಗೆಯೇ ಆ ತೋಟದ ಲೆಕ್ಕ ಯಾರೂ ಕೇಳಬಾರದು. ನಮಗೆ ಪರಿಚಯವಿರುವ ಒಂದು ಮನೆಯಲ್ಲಿ ಅತ್ತೆ ಆರು ವರ್ಷ ಮಲಗಿದ್ದರು. ಸೊಸೆ ಬಚ್ಚಲಿನ ಪಕ್ಕ ಕನಕಾಂಬರ ಬೆಳೆಸಿದ್ದಳು. ‘ಅಷ್ಟೇ ಜಾಗದಲ್ಲಿ ಬದನೆ ಹಾಕಿದ್ದರೆ ಸಂತೆಯ ಖರ್ಚು ಉಳಿಯುತ್ತಿತ್ತು’ ಎಂದು ಮೈದುನ ಹೇಳಿದ. ಮಲಗಿದ್ದ ಅತ್ತೆಯೇ ಒಳಗಿನಿಂದ, ‘ಅದು ಅವಳದು, ಬಿಡೋ’ ಎಂದರಂತೆ. ಆ ಮಾತಿಗೆ ನಾವು ಹೆಚ್ಚಿನದೇನನ್ನೂ ಸೇರಿಸಲಾರೆವು.

ದೊಡ್ಡ ತೋಟ ಬೇಕಾಗಿಲ್ಲ. ಮೂರು ಮಡಿ ಸಾಕು, ಜಾಗವಿಲ್ಲದವರಿಗೆ ಹಳೆಯ ಬಕೆಟ್ಟು, ಒಡೆದ ಕೊಡ ಸಾಕು, ತಳಕ್ಕೆ ತೂತು ಮಾಡಿದರಾಯಿತು. ಸಿಟ್ಟು ಮಾಡಿಕೊಳ್ಳದ ಗಿಡಗಳನ್ನೇ ಆರಿಸಬೇಕು. ದೊಡ್ಡಪತ್ರೆಯ ಒಂದು ಟೊಂಗೆ ಮುರಿದು ನೆಟ್ಟರೆ ಬದುಕುತ್ತದೆ. ಬಸಳೆಯೂ ಹಾಗೆಯೇ. ನುಗ್ಗೆಯ ಕೊಂಬೆಯೂ ಹಾಗೆಯೇ. ಎರಡು ದಿನ ರೋಗಿಯ ಜೊತೆ ಆಸ್ಪತ್ರೆಯಲ್ಲಿ ಉಳಿಯಬೇಕಾಗಿ ಬಂದರೂ ಇವು ಮುನಿಯುವುದಿಲ್ಲ. ಮುಂಗಾರಿನಲ್ಲಿ ಹೀರೆ, ಸೋರೆಯ ನಾಲ್ಕು ಬೀಜ ಊರಿ ಬೇಲಿಗೆ ಹಬ್ಬಿಸಿದರೆ ಎರಡು ತಿಂಗಳಿಗೆಲ್ಲ ಕಾಯಿ. ಬೆಂಡೆ ಬೇಕೆಂದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕ’ ಎಂಬ ತಳಿಯಿದೆ. ಎಲೆ ಹಳದಿಯಾಗುವ ನಂಜುರೋಗವನ್ನು ತಡೆದುಕೊಳ್ಳಲೆಂದೇ ಅದನ್ನು ರೂಪಿಸಿದ್ದಾರೆ, ಔಷಧ ಸಿಂಪಡಿಸುವ ಗೋಜು ಕಡಿಮೆ. ಅಕ್ಕಿ, ತರಕಾರಿ ತೊಳೆದ ನೀರು ಗಿಡಕ್ಕೆ ಸಾಕು. ಆದರೆ ರೋಗಿಯ ಕೋಣೆ ಒರೆಸಿದ ಫಿನಾಯಿಲ್ ನೀರನ್ನು ಸೊಪ್ಪಿನ ಮಡಿಗೆ ಚೆಲ್ಲಬಾರದು.

ಮರೆವಿನವರು ಇರುವ ಮನೆಯಲ್ಲಿ ಇನ್ನೊಂದು ಜಾಗ್ರತೆ ಬೇಕು. ಪೂಜೆಗೆಂದು ನಾವು ಕಣಗಿಲೆ ಬೆಳೆಸುತ್ತೇವೆ. ಅದರ ಎಲೆ, ಹೂ, ಬೀಜ ಎಲ್ಲವೂ ವಿಷ. ದತ್ತೂರಿಯೂ ಅಷ್ಟೇ. ಅಂಥ ಹಿರಿಯರು ಮಗುವಿನಂತೆ ಸಿಕ್ಕಿದ್ದನ್ನು ಬಾಯಿಗಿಡುವುದುಂಟು. ಆ ಗಿಡಗಳನ್ನು ತೆಗೆಸಿ ದಾಸವಾಳ, ತುಳಸಿ, ಮಲ್ಲಿಗೆ ಹಾಕುವುದು ಒಳ್ಳೆಯದು. ಹಿತ್ತಲಿನಲ್ಲಿ ತೆರೆದ ಬಾವಿಯಿದ್ದರೆ ಮುಚ್ಚಿಸಿದ ಮೇಲೆಯೇ ತೋಟದ ಮಾತು.

ಬೆಳಗಿನ ಎಳೆಬಿಸಿಲಿನಲ್ಲಿ ರೋಗಿಯನ್ನೂ ಗಾಲಿಕುರ್ಚಿಯಲ್ಲಿ ಹೊರಗೆ ತಂದು ಕೂರಿಸಬಹುದು. ಹಳೆಯ ಒಕ್ಕಲುತನದ ಕೈಗೆ ಒಂದು ಹಿಡಿ ಅವರೆಕಾಯಿ ಕೊಟ್ಟರೆ, ಮಗನ ಹೆಸರು ಮರೆತವರು ಕಾಯಿ ಬಿಡಿಸುವುದನ್ನು ಮರೆತಿರುವುದಿಲ್ಲ. ಇದು ಇಬ್ಬರಿಗೂ ಹಿತ. ಆದರೆ ಇದನ್ನು ಅವಳ ವಿಶ್ರಾಂತಿಯ ತಾಸಿನ ಲೆಕ್ಕಕ್ಕೆ ಹಿಡಿಯಬೇಡಿ. ಅವಳ ತಾಸು ಅವಳೊಬ್ಬಳದೇ.

ಗಿಡ ನೆಟ್ಟರೆ ಎಲ್ಲ ದುಃಖವೂ ಹೋಗುತ್ತದೆಂದು ನಾವು ಹೇಳುತ್ತಿಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ, ಬದುಕು ಸಾಕೆನಿಸಿದರೆ ಅದಕ್ಕೆ ವೈದ್ಯರೇ ಬೇಕು. 2022ರಿಂದ ಸರ್ಕಾರದ ‘ಟೆಲಿಮಾನಸ್’ ಸೇವೆಯಿದೆ, 14416ಕ್ಕೆ ಹಣವಿಲ್ಲದೆ ಫೋನು ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಇದರಲ್ಲಿ ನಾಚಿಕೆಯೇನೂ ಇಲ್ಲ.

ಇನ್ನು, ರೋಗಿಯನ್ನು ನೋಡಲು ಹೋಗುವ ಬಂಧುಗಳಿಗೆ ಒಂದು ಮಾತು. ಬಿಸ್ಕತ್ತಿನ ಪೊಟ್ಟಣ, ಮೂಸಂಬಿ ಎಲ್ಲರೂ ಒಯ್ಯುತ್ತಾರೆ, ಅರ್ಧ ಹಾಳಾಗುತ್ತದೆ. ಮುಂದಿನ ಸಲ ನಿಮ್ಮ ಹಿತ್ತಲಿನ ಮಲ್ಲಿಗೆಯ ಒಂದು ಟೊಂಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ. ಅದನ್ನು ಆ ತಾಯಿಯ ಕೈಗೆ ಕೊಟ್ಟು, ‘ನೀನು ಹೋಗಿ ನೆಟ್ಟು ಬಾರಮ್ಮ, ಅಲ್ಲಿಯವರೆಗೆ ನಾನು ಇಲ್ಲಿ ಕೂತಿರುತ್ತೇನೆ’ ಎನ್ನಿರಿ. ಅವಳು ಬರುವುದು ತಡವಾದರೆ ಕೂಗಬೇಡಿ.