ನಾಲ್ಕು ಗೋಡೆಯೊಳಗಿನ ಗಾಂಜಾ: ಬೆಲೆ ತೆರುವುದು ಬೆಟ್ಟ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ವಶವಾಗುವ ಕಳ್ಳಸರಕಿನ ವರದಿಗಳಲ್ಲಿ ಈಚಿನ ವರ್ಷಗಳಲ್ಲಿ ‘ಹೈಡ್ರೊ ಗಾಂಜಾ’ ಎಂಬ ಹೆಸರು ಪದೇಪದೇ ಕಾಣಿಸಿಕೊಳ್ಳುತ್ತಿದೆ. ಬಹಳಷ್ಟು ಸಲ ಅದು ಸಿಕ್ಕಿರುವುದು ಬ್ಯಾಂಕಾಕ್‌ನಿಂದ ಬಂದಿಳಿದವರ ಪೆಟ್ಟಿಗೆಗಳಲ್ಲಿ. ಥಾಯ್ಲೆಂಡ್ ದೇಶ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕ ದ್ರವ್ಯಗಳ ಪಟ್ಟಿಯಿಂದ ಹೊರಗಿಟ್ಟಿತು. 2025ರ ಜೂನ್‌ನಲ್ಲಿ ವೈದ್ಯರ ಚೀಟಿಯಿಲ್ಲದೆ ಹೂವನ್ನು ಮಾರಕೂಡದೆಂದು ಮತ್ತೆ ನಿಯಮ ಬಿಗಿಗೊಳಿಸಿತು. ಅಷ್ಟರಲ್ಲಿ ‘ಹೈಡ್ರೊ’ ಎಂಬ ಪದಕ್ಕೆ ಒಂದು ಪ್ರತಿಷ್ಠೆ ಅಂಟಿಕೊಂಡಿತ್ತು. ಮಣ್ಣಿಲ್ಲದೆ, ಬಿಸಿಲಿಲ್ಲದೆ, ಕೋಣೆಯೊಳಗೆ ಬೆಳೆದದ್ದು ಎಂದರೆ ಶುದ್ಧ, ಆಧುನಿಕ, ಪರಿಸರಸ್ನೇಹಿ ಎಂಬ ನಂಬಿಕೆ ನಗರದ ಕಾಲೇಜುಗಳಿಂದ ಬೆಟ್ಟದ ಊರುಗಳ ತನಕ ಹರಿದುಬಂದಿದೆ. ಒಂದು ಬಕೆಟ್, ಒಂದು ಪಂಪು, ಒಂದು ದೀಪ ಇದ್ದರೆ ಸಾಕು, ಕಾಡು ಕಡಿಯಬೇಕಿಲ್ಲ, ಹೊಲ ಬೇಕಿಲ್ಲ, ಯಾರಿಗೂ ತೊಂದರೆಯಿಲ್ಲ ಎಂಬುದು ಈ ಪ್ರಚಾರದ ಸಾರ.

ಕಾನೂನಿನ ಮಾತು ಸ್ಪಷ್ಟವಾಗಿಯೇ ಇದೆ. 1985ರ ಮಾದಕ ದ್ರವ್ಯ ಮತ್ತು ಮನೋಪ್ರಭಾವಿ ವಸ್ತುಗಳ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಗಾಂಜಾ ಗಿಡ ಬೆಳೆದವರಿಗೆ 10 ವರ್ಷಗಳವರೆಗಿನ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿಗಳವರೆಗಿನ ದಂಡ ಇದೆ. ಗಿಡ ಕಾಡಂಚಿನಲ್ಲಿದ್ದರೂ ಮಲಗುವ ಕೋಣೆಯಲ್ಲಿದ್ದರೂ ಕಾನೂನಿಗೆ ಒಂದೇ. ಆದರೆ ಇಲ್ಲಿನ ಪ್ರಶ್ನೆ ಅಷ್ಟಕ್ಕೇ ನಿಲ್ಲುವುದಿಲ್ಲ. ನಾಳೆ ಕಾನೂನು ಸಡಿಲವಾದರೂ, ಕೋಣೆಯೊಳಗಿನ ಗಾಂಜಾ ಪರಿಸರಕ್ಕೆ ಬಗೆಯುವ ದ್ರೋಹ ದ್ರೋಹವಾಗಿಯೇ ಉಳಿಯುತ್ತದೆ. ಕೋಣೆಯ ಗೋಡೆಗಳು ಗಿಡವನ್ನು ಮುಚ್ಚಿಡುತ್ತವೆ. ಗಿಡದ ಸಾಲವನ್ನು ಮುಚ್ಚಿಡಲಾರವು. ಆ ಸಾಲ ಬೇರೆಲ್ಲೋ ಇರುವ ಬೆಟ್ಟ, ಹೊಳೆ ಮತ್ತು ಗಣಿಯ ಹೆಸರಿಗೆ ಬರೆಯಲ್ಪಡುತ್ತದೆ.

ಬಿಸಿಲಿಗೆ ಬೆನ್ನು ಹಾಕಿದ ಬೇಸಾಯ

ಗಾಂಜಾ ಅಪ್ಪಟ ಬಿಸಿಲಿನ ಗಿಡ. ಮಧ್ಯಾಹ್ನದ ಸೂರ್ಯ ಒಂದು ಚದರ ಮೀಟರ್ ನೆಲದ ಮೇಲೆ ಹೆಚ್ಚುಕಡಿಮೆ 1,000 ವ್ಯಾಟ್‌ನಷ್ಟು ಶಕ್ತಿಯನ್ನು ಪುಕ್ಕಟೆಯಾಗಿ ಸುರಿಸುತ್ತಾನೆ. ಅದರ ಬದಲಿಗೆ ದೀಪ ಉರಿಸಿದರೆ ಆಗುವುದೇನು? ಕಲ್ಲಿದ್ದಲನ್ನು ಸುಟ್ಟಾಗ ಬರುವ ಶಾಖ ನೂರು ಪಾಲು ಎಂದಿಟ್ಟುಕೊಂಡರೆ, ಸ್ಥಾವರದಲ್ಲಿ ವಿದ್ಯುತ್ತಾಗುವುದು ಸುಮಾರು ಮೂವತ್ತೈದು ಪಾಲು. ತಂತಿಗಳಲ್ಲಿ ಸೋರಿ ಮನೆ ತಲುಪುವುದು ಮೂವತ್ತರ ಆಸುಪಾಸು. ಒಳ್ಳೆಯ ಎಲ್‌ಇಡಿ ದೀಪವೂ ಅದರ ಅರ್ಧದಷ್ಟನ್ನು ಮಾತ್ರ ಬೆಳಕಾಗಿಸುತ್ತದೆ. ಆ ಬೆಳಕಿನಲ್ಲಿ ಎಲೆ ತನ್ನ ಒಡಲಿಗೆ ಇಳಿಸಿಕೊಳ್ಳುವುದು ಹತ್ತರಲ್ಲಿ ಒಂದಕ್ಕಿಂತಲೂ ಕಡಿಮೆ. ಕೊನೆಗೆ ಉಳಿಯುವುದು ನೂರರಲ್ಲಿ ಒಂದು ಪಾಲು, ಬಹಳವೆಂದರೆ ಒಂದೂವರೆ. ಉಳಿದದ್ದೆಲ್ಲ ಹೊಗೆ ಮತ್ತು ಸೆಕೆ. ಆ ಸೆಕೆಯನ್ನು ಕೋಣೆಯಿಂದ ಹೊರದೂಡಲು ಹವಾನಿಯಂತ್ರಕ, ಎಲೆಗಳು ಬೆವರಿದ ತೇವವನ್ನು ಹೀರಲು ಇನ್ನೊಂದು ಯಂತ್ರ. ಅವಕ್ಕೂ ವಿದ್ಯುತ್ತೇ ಬೇಕು.

ಮನೆಯ ಲೆಕ್ಕಕ್ಕೆ ಬಂದರೆ ವಿಷಯ ಇನ್ನೂ ಸರಳ. 1,000 ವ್ಯಾಟ್‌ನ ಒಂದೇ ಒಂದು ದೀಪ ದಿನಕ್ಕೆ 12 ತಾಸು ಉರಿದರೆ 12 ಯೂನಿಟ್, ತಿಂಗಳಿಗೆ 360 ಯೂನಿಟ್. 2023ರಲ್ಲಿ ಜಾರಿಯಾದ ಗೃಹಜ್ಯೋತಿ ಯೋಜನೆ ಒಂದು ಸಂಸಾರಕ್ಕೆ ನಿಗದಿಪಡಿಸಿದ ಗರಿಷ್ಠ ಮಿತಿಯೇ 200 ಯೂನಿಟ್. ಇಡೀ ಸಂಸಾರದ ಬೆಳಕು, ಮಿಕ್ಸಿ, ಪಂಪುಗಳಿಗಿಂತ ಒಂದು ಮೂಲೆಯ ಮತ್ತು ಹೆಚ್ಚು ಉಣ್ಣುತ್ತದೆ. ಇದನ್ನೇ ‘ಸರಳ ವಿಧಾನ’ ಎಂದು ಕರೆಯಲಾಗುತ್ತಿದೆ.

ಅಮೆರಿಕದಲ್ಲಿ ಈ ಲೆಕ್ಕವನ್ನು ದೇಶದ ಮಟ್ಟದಲ್ಲಿ ಹಾಕಿದವರಿದ್ದಾರೆ. ಇಂಧನ ತಜ್ಞ ಎವನ್ ಮಿಲ್ಸ್ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೋಣೆಯೊಳಗಿನ ಗಾಂಜಾ ಬೇಸಾಯ ಆ ದೇಶದ ಒಟ್ಟು ವಿದ್ಯುತ್ತಿನಲ್ಲಿ ಸುಮಾರು ಶೇಕಡ 1ರಷ್ಟನ್ನು, ಕ್ಯಾಲಿಫೋರ್ನಿಯಾ ರಾಜ್ಯವೊಂದರಲ್ಲೇ ಶೇಕಡ 3ರಷ್ಟನ್ನು ನುಂಗುತ್ತಿತ್ತು. ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು: ಒಂದು ಕೆ.ಜಿ. ಒಣ ಹೂವಿಗೆ, ಊರಿನ ಹವೆ ಮತ್ತು ವಿದ್ಯುತ್ತಿನ ಮೂಲವನ್ನು ಅವಲಂಬಿಸಿ, 2,283ರಿಂದ 5,184 ಕೆ.ಜಿ. ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊಗೆ. ಕನಿಷ್ಠ ಅಂಕಿಯನ್ನೇ ಹಿಡಿದರೂ ಇದು ಒಂದು ಟನ್ನಿಗಿಂತ ಹೆಚ್ಚು ಕಲ್ಲಿದ್ದಲನ್ನು ಸುಟ್ಟಂತೆ. ಇದರೊಳಗೆ ಒಂದು ವಿಪರ್ಯಾಸವೂ ಸೇರಿದೆ. ಗಿಡ ಬೇಗ ಬೆಳೆಯಲೆಂದು ಇಂಗಾಲದ ಡೈಆಕ್ಸೈಡನ್ನೇ ಸಿಲಿಂಡರುಗಳಲ್ಲಿ ತಂದು ಕೋಣೆಗೆ ಬಿಡುವ ಪದ್ಧತಿ ಅಲ್ಲಿದೆ. ಜಗತ್ತು ಯಾವ ಅನಿಲ ಹೆಚ್ಚಾಯಿತೆಂದು ಪರಿತಪಿಸುತ್ತಿದೆಯೋ ಅದನ್ನು ಹಣ ಕೊಟ್ಟು ಕೊಂಡು ತರುವ ಬೇಸಾಯಕ್ಕೆ ‘ಹಸಿರು’ ಎಂಬ ವಿಶೇಷಣ!

ಮಣ್ಣಿಲ್ಲದ ಕೃಷಿಯ ಹೆಸರು ಕೆಡಿಸಿದವರು

ಮಣ್ಣಿಲ್ಲದೆ ಗಿಡ ಬೆಳೆಸುವ ವಿದ್ಯೆಯೇ ತಪ್ಪು ಎಂದು ಇದರ ಅರ್ಥವಲ್ಲ. 1929ರ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಗೆರಿಕೆ ಪೋಷಕಾಂಶ ಬೆರೆಸಿದ ನೀರಿನಲ್ಲಿ ಟೊಮೆಟೊ ಬೆಳೆದು ತೋರಿಸಿದರು. 1937ರಲ್ಲಿ ಅದಕ್ಕೆ ಹೈಡ್ರೊಪೋನಿಕ್ಸ್ ಎಂಬ ಹೆಸರು ಬಳಕೆಗೆ ಬಂತು. ಭಾರತದಲ್ಲಿ ಈ ವಿದ್ಯೆ ನೆಲೆ ಕಂಡುಕೊಂಡದ್ದು ಒಂದು ಬೆಟ್ಟದ ಊರಿನಲ್ಲಿ ಎಂಬುದು ಗಮನಾರ್ಹ. 1940ರ ದಶಕದಲ್ಲಿ ಡಾರ್ಜಿಲಿಂಗ್ ಸೀಮೆಯ ಕಾಲಿಂಪಾಂಗ್‌ನಲ್ಲಿ ಜೆ. ಶೋಲ್ಟೊ ಡಗ್ಲಸ್ ಪ್ರಯೋಗ ನಡೆಸಿ, 1951ರಲ್ಲಿ ‘ಬಂಗಾಳ ಪದ್ಧತಿ’ ಎಂಬ ಹೆಸರಿನಲ್ಲಿ ಪುಸ್ತಕ ಪ್ರಕಟಿಸಿದರು. ಜಲ್ಲಿ, ಮರಳು, ಅಗ್ಗದ ತೊಟ್ಟಿ, ಮೇಲೆ ತೆರೆದ ಆಕಾಶ: ನೆಲವಿಲ್ಲದ ಬಡವರೂ ತರಕಾರಿ ಬೆಳೆದುಕೊಳ್ಳಲಿ ಎಂಬುದು ಅದರ ಆಶಯ. ಸರಳ ವಿಧಾನ ಎಂಬ ಮಾತು ಅದಕ್ಕೆ ಒಪ್ಪುತ್ತದೆ. ಕಿಟಕಿ ಮುಚ್ಚಿ, ದೀಪ ಉರಿಸಿ, ತಂಪುಗಾಳಿ ಹರಿಸಿ ಬೆಳೆಯುವ ಅಮಲಿನ ಹೂವು ಆ ಪರಂಪರೆಯ ವಾರಸುದಾರನಲ್ಲ.

ನೀರು ಕಡಿಮೆ ಸಾಕು ಎಂಬ ವಾದದಲ್ಲಿ ಸತ್ಯಾಂಶವಿದೆ. ಆದರೆ ಬಕೆಟ್ಟಿನ ನೀರನ್ನಷ್ಟೇ ಅಳೆದರೆ ಸಾಲದು. ವಿದ್ಯುತ್ ಸ್ಥಾವರ ಕುಡಿಯುವ ನೀರನ್ನೂ ಅಳೆಯಬೇಕು. ಆ ನೀರಿಗೆ ಬೆರೆಸುವ ಸಾರಜನಕ ಕಾರ್ಖಾನೆಯಲ್ಲಿ ಇಂಧನ ಸುಟ್ಟು ತಯಾರಾದದ್ದು. ಪೊಟ್ಯಾಷ್‌ಗಾಗಿ ಭಾರತ ಹೊರದೇಶಗಳತ್ತಲೇ ನೋಡಬೇಕು. ಬೇರಿಗೆ ಆಸರೆಯಾಗಿ ಬಳಸುವ ಕಲ್ಲುನಾರು, ಬಂಡೆಯನ್ನು ಸಾವಿರ ಡಿಗ್ರಿಗೂ ಮಿಕ್ಕಿದ ಶಾಖದಲ್ಲಿ ಕರಗಿಸಿ ಎಳೆದದ್ದು. ಅದು ಕೊಳೆಯುವುದಿಲ್ಲ, ಗೊಬ್ಬರವಾಗುವುದಿಲ್ಲ. ಬಳಸಿ ಉಳಿದ ಲವಣದ ನೀರು ಬಚ್ಚಲಿನಿಂದ ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ. ಸೊಪ್ಪಿನಬೆಟ್ಟದ ದರಕು, ಕೊಟ್ಟಿಗೆಯ ಗೊಬ್ಬರ, ತೋಟದ ಮಣ್ಣು ಎಂಬ ಚಕ್ರವನ್ನು ತಲೆಮಾರುಗಳಿಂದ ಬಲ್ಲ ಮಲೆನಾಡಿಗರಿಗೆ, ಎಲ್ಲಿಂದಲೋ ಬಂದು ಎಲ್ಲಿಗೋ ಹರಿದುಹೋಗುವ ಈ ಗೆರೆಯನ್ನು ಕೃಷಿಯೆಂದು ಒಪ್ಪುವುದು ಕಷ್ಟ.

ಇನ್ನೂ ಒಂದು ನಷ್ಟವಿದೆ. ಈ ಗಿಡದಲ್ಲಿ ಗಂಡು, ಹೆಣ್ಣು ಬೇರೆಬೇರೆ. ಪರಾಗ ಗಾಳಿಯಲ್ಲಿ ತೇಲಿ ಬರಬೇಕು. ಕೋಣೆಯೊಳಗೆ ಗಂಡಿಗೆ ಪ್ರವೇಶವಿಲ್ಲ, ಹಾಗಾಗಿ ಬೀಜವೂ ಇಲ್ಲ. ಹಿಮಾಲಯದ ಬೆಟ್ಟಗಳಲ್ಲಿ ಈ ಗಿಡದ ಕಾಂಡ ಹಗ್ಗ, ಬಟ್ಟೆ, ಪಾದರಕ್ಷೆಗಳಾಗಿದೆ; ಕುಮಾವೂನಿನ ಅಡುಗೆಮನೆಗಳಲ್ಲಿ ಬೀಜ ಚಟ್ನಿಯಾಗಿದೆ. ನಾರು, ಬೀಜ, ಮದ್ದು ಎಂದು ಮೂರು ಕೊಡುಗೆಯಿದ್ದ ಗಿಡವನ್ನು ಕೋಣೆ ಕೇವಲ ಅಮಲಿನ ಯಂತ್ರವನ್ನಾಗಿ ಮಾಡಿದೆ. ಅಮೆರಿಕದಲ್ಲಿ ಪೊಲೀಸರು ವಶಪಡಿಸಿಕೊಂಡ ಮಾದರಿಗಳಲ್ಲಿ ಮತ್ತೇರಿಸುವ ಅಂಶ 1995ರಲ್ಲಿ ಸರಾಸರಿ ಶೇಕಡ 4ರಷ್ಟಿದ್ದದ್ದು 2014ರ ಹೊತ್ತಿಗೆ ಶೇಕಡ 12ಕ್ಕೆ ಏರಿತು. ಇಂಥ ತೀವ್ರತೆಯ ಸರಕಿನ ನಿತ್ಯಬಳಕೆಗೂ ಹದಿಹರೆಯದವರ ಮನೋವಿಕಾರಕ್ಕೂ ಇರುವ ನಂಟನ್ನು ವೈದ್ಯರು ಎಚ್ಚರಿಸುತ್ತಲೇ ಇದ್ದಾರೆ. ‘ಶುದ್ಧ’ ಎಂಬ ಮಾತನ್ನು ನಂಬುವ ವಿದ್ಯಾರ್ಥಿಗಳು ಇದನ್ನೂ ತಿಳಿದಿರಬೇಕು.

ಹಂಬೋಲ್ಟ್ ಬೆಟ್ಟಗಳ ಪಾಠ

ಗಾಂಜಾ ಕೋಣೆಯೊಳಗೆ ಹೊಕ್ಕದ್ದು ಪರಿಸರ ಪ್ರೇಮದಿಂದಲ್ಲ, ಹೆಲಿಕಾಪ್ಟರಿನ ಭಯದಿಂದ. ಕ್ಯಾಲಿಫೋರ್ನಿಯಾದ ಉತ್ತರಕ್ಕೆ ಹಂಬೋಲ್ಟ್, ಮೆಂಡೊಸಿನೊ, ಟ್ರಿನಿಟಿ ಎಂಬ ಮೂರು ಬೆಟ್ಟಸೀಮೆಗಳಿವೆ. ರೆಡ್‌ವುಡ್ ಮಹಾವೃಕ್ಷಗಳ, ಸಾಲ್ಮನ್ ಮೀನಿನ ಹೊಳೆಗಳ ನಾಡು. ಮರದ ವ್ಯಾಪಾರ ಕುಸಿದ ಕಾಲದಲ್ಲಿ, ನಗರ ತೊರೆದು ಬಂದ ತರುಣರು ಅಲ್ಲಿ ಸಣ್ಣಸಣ್ಣ ಮಡಿಗಳಲ್ಲಿ ಬಿಸಿಲಿನಲ್ಲೇ ಗಾಂಜಾ ಬೆಳೆದರು. 1983ರಿಂದ ಸರ್ಕಾರ ಹೆಲಿಕಾಪ್ಟರುಗಳಲ್ಲಿ ಬಂದು ಗಿಡ ಕಿತ್ತುಹಾಕುವ ಕಾರ್ಯಾಚರಣೆ ಆರಂಭಿಸಿತು. ಬೆಳೆ ನಿಲ್ಲಲಿಲ್ಲ, ಬೆಳೆದವರಲ್ಲಿ ಅನೇಕರು ಸೂರಿನಡಿಗೆ ಸರಿದರು. ವಿದ್ಯುತ್ ತಂತಿ ತಲುಪದ ಕಣಿವೆಗಳಲ್ಲಿ ಡೀಸೆಲ್ ಜನರೇಟರುಗಳು ಹಗಲಿರುಳು ಗುಡುಗಿದವು. ಸೋರಿದ ಡೀಸೆಲ್ ಮೀನು ಮೊಟ್ಟೆಯಿಡುವ ತೊರೆಗಳಿಗೆ ಸೇರಿತು.

ಪಟ್ಟಣಗಳ ಪಾಡು ಬೇರೆಯಲ್ಲ. ಹಂಬೋಲ್ಟ್ ಸೀಮೆಯ ಆರ್ಕೇಟಾ ಒಂದು ವಿಶ್ವವಿದ್ಯಾಲಯದ ಊರು. ಅಲ್ಲಿ ಇಡಿಯ ಮನೆಗಳೇ ದೀಪದ ತೋಟಗಳಾದವು. ಬಾಡಿಗೆಗೆ ಮನೆ ಸಿಗದಿರುವುದು, ವೈರು ಸುಟ್ಟು ಬೆಂಕಿ ಬೀಳುವುದು ಊರಿನ ದೂರುಗಳಾದವು. 2012ರ ನವೆಂಬರ್‌ನಲ್ಲಿ ಊರಿನ ಮತದಾರರು, ಸಾಮಾನ್ಯ ಬಳಕೆಯ ಮಟ್ಟದ ಆರು ಪಟ್ಟಿಗಿಂತ ಹೆಚ್ಚು ವಿದ್ಯುತ್ ಉರಿಸುವ ಮನೆಗಳ ಮೇಲೆ ಶೇಕಡ 45ರ ತೆರಿಗೆ ಹಾಕಲು ತಾವೇ ಮತ ನೀಡಿದರು. ಗಾಂಜಾದ ಬಗ್ಗೆ ಅತ್ಯಂತ ಉದಾರ ನಿಲುವಿನ ಊರೊಂದು ಇಂಥ ತೀರ್ಮಾನಕ್ಕೆ ಬಂದಿತೆಂದರೆ, ಇದು ಮಡಿವಂತರ ಕೂಗಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹೊರಗೆ ಬೆಳೆದದ್ದೆಲ್ಲ ಪುಣ್ಯದ ಬೆಳೆ ಎಂದೂ ಹೇಳಲಾಗದು. ಸರ್ಕಾರಿ ಕಾಡಿಗೆ ನುಗ್ಗಿ ಕದ್ದು ಬೆಳೆದವರು ಇಲಿಪಾಷಾಣ ಹರಡಿದರು. ಅಲ್ಲಿನ ಕಾಡುಗಳಲ್ಲಿ ಸತ್ತು ಸಿಕ್ಕ ಫಿಶರ್ ಎಂಬ ನೀರುನಾಯಿ ಬಳಗದ ಪ್ರಾಣಿಗಳನ್ನು ಪರೀಕ್ಷಿಸಿದಾಗ ಶೇಕಡ 79ರ ಮೈಯಲ್ಲಿ ಆ ವಿಷವಿತ್ತು ಎಂದು 2012ರ ಅಧ್ಯಯನ ತಿಳಿಸಿತು. ಕದ್ದು ಬೆಳೆದಾಗ ಕಾಡಿಗೆ ವಿಷ, ಬಚ್ಚಿಟ್ಟು ಬೆಳೆದಾಗ ಗಾಳಿಗೆ ಹೊಗೆ.

ಕಾನೂನು ಬದಲಾದ ಮೇಲಾದರೂ ಬೆಟ್ಟದ ಜನಕ್ಕೆ ನ್ಯಾಯ ಸಿಕ್ಕಿತೇ? 2016ರ ಜನಮತದಂತೆ 2018ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಮಾರಾಟ ಮುಕ್ತವಾಯಿತು. ಮೊದಲ ಐದು ವರ್ಷ ದೊಡ್ಡ ತೋಟಗಳಿಗೆ ಅವಕಾಶವಿಲ್ಲವೆಂದು ಸಣ್ಣ ಬೆಳೆಗಾರರು ನಂಬಿದ್ದರು. 2017ರ ನವೆಂಬರ್‌ನಲ್ಲಿ ಹೊರಬಿದ್ದ ನಿಯಮಗಳು ಒಬ್ಬನೇ ಎಷ್ಟು ಸಣ್ಣ ಪರವಾನಗಿಗಳನ್ನಾದರೂ ಒಟ್ಟುಗೂಡಿಸಿಕೊಳ್ಳಲು ದಾರಿ ಬಿಟ್ಟವು. ಬಂಡವಾಳದವರ ಭಾರಿ ಸೂರುಗಳು ಎದ್ದವು, 2021ರ ಹೊತ್ತಿಗೆ ಬೆಲೆ ಕುಸಿಯಿತು, ದಶಕಗಳ ಕಾಲ ಪೊಲೀಸರ ಭಯದಲ್ಲಿ ಬಾಳಿದ ಬೆಟ್ಟದ ಸಂಸಾರಗಳು ಸಾಲದಲ್ಲಿ ಮುಳುಗಿದವು. ಗುಡ್ಡಗಾಡಿನ ಜನ ಅಪಾಯ ಹೊತ್ತರು. ಲಾಭ ಬಯಲಿನ ಕಂಪನಿಗಳಿಗೆ ಹೋಯಿತು.

ಮಲೆನಾಡಿಗೆ ಇದರ ಸಂಬಂಧವೇನು?

ನಗರದ ದೀಪ ಎಲ್ಲಿಂದ ಉರಿಯುತ್ತದೆ ಎಂಬುದನ್ನು ಮಲೆನಾಡಿಗೆ ಯಾರೂ ಹೇಳಿಕೊಡಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿಯ ನೀರು ನಿಂತಾಗ ಮುಳುಗಿದ ಊರುಗಳವರ ಮಕ್ಕಳು, ಮೊಮ್ಮಕ್ಕಳಲ್ಲಿ ಹಲವರು ಹಕ್ಕುಪತ್ರಕ್ಕಾಗಿ ಅಲೆಯುವುದು ನಿಂತಿಲ್ಲ. ಸಂಜೆಯ ಬೇಡಿಕೆ ಪೂರೈಸಲೆಂದು ಅದೇ ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ನೆಲೆಯ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ರೂಪಿಸಲಾಗಿದೆ. ಕಣಿವೆಯ ಜನ ಅದನ್ನು ವಿರೋಧಿಸಿ ಬೀದಿಗಿಳಿದಿದ್ದಾರೆ. ಒಂದೊಂದು ಯೂನಿಟ್ಟಿನ ಹಿಂದೆ ಒಂದು ಮುಳುಗಡೆಯ ನೆನಪಿರುವ ನಾಡಿನಲ್ಲಿ, ಬಿಸಿಲನ್ನು ಹೊರಗಿಟ್ಟು ವಿದ್ಯುತ್ತಿನಿಂದ ಅಮಲು ಬೆಳೆಯುವುದನ್ನು ಖಾಸಗಿ ಹವ್ಯಾಸವೆಂದು ಬಿಟ್ಟುಬಿಡಲಾಗದು. ಬೆಳೆಯುವವನ ಕೋಣೆ ಖಾಸಗಿ; ಹೊಳೆ ಖಾಸಗಿಯಲ್ಲ.

ಹಾಗೆಂದು ಗಿಡವನ್ನೇ ಶಪಿಸುವುದರಲ್ಲಿ ಅರ್ಥವಿಲ್ಲ. 1985ರ ಕಾಯಿದೆಯ 14ನೇ ಕಲಮು ನಾರು ಮತ್ತು ಬೀಜಕ್ಕಾಗಿ ಬೆಳೆಯಲು ಸರ್ಕಾರ ಅನುಮತಿ ನೀಡಬಹುದೆಂದು ಹೇಳುತ್ತದೆ. ಉತ್ತರಾಖಂಡ 2018ರಲ್ಲಿ, ಮತ್ತಿನ ಅಂಶ ಶೇಕಡ 0.3ನ್ನು ಮೀರದ ತಳಿಗೆ ಪರವಾನಗಿ ಕೊಡಲು ತೊಡಗಿತು. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇದರ ಬೀಜ ಮತ್ತು ಎಣ್ಣೆಯನ್ನು ಆಹಾರವೆಂದು ಅಂಗೀಕರಿಸಿತು. ಮಳೆ ಸುರಿದು ನೀರು ನಿಲ್ಲುವ ಮಲೆನಾಡಿನ ಗದ್ದೆಗಳಿಗೆ ಈ ಬೆಳೆ ಹೊಂದುವುದಿಲ್ಲ. ಕರ್ನಾಟಕದ ಒಣ ಸೀಮೆಗಳಿಗೆ ಹೊಂದುವುದೋ ಇಲ್ಲವೋ ಎಂಬುದನ್ನು ಬಯಲಿನಲ್ಲಿ, ಬಿಸಿಲಿನಲ್ಲಿ, ರೈತರ ಸಮ್ಮುಖದಲ್ಲಿ ಕೃಷಿ ವಿಶ್ವವಿದ್ಯಾಲಯಗಳು ಪರೀಕ್ಷಿಸಲಿ.

ಆದ್ದರಿಂದ ಹಳ್ಳಿಯವರೂ ವಿದ್ಯಾರ್ಥಿಗಳೂ ಎರಡು ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಮೊದಲನೆಯದು ಸರ್ಕಾರಕ್ಕೆ: ಮುಂದೊಂದು ದಿನ ಈ ಗಿಡದ ಕಾನೂನು ಸಡಿಲಗೊಳಿಸುವ ಚರ್ಚೆ ಬಂದರೆ, ದೀಪದಡಿಯ ಕಾರ್ಖಾನೆ ಬೇಸಾಯಕ್ಕೆ ಪರವಾನಗಿ ಬೇಡ, ಸೂರ್ಯನಡಿಯ ಸಣ್ಣ ಹಿಡುವಳಿಗೇ ಮೊದಲ ಹಕ್ಕು, ಪರವಾನಗಿಗಳನ್ನು ಒಟ್ಟುಗೂಡಿಸಲು ತಡೆ ಇರಲಿ. ಎರಡನೆಯದು ತಮ್ಮ ಗೆಳೆಯರ ಬಳಗಕ್ಕೆ: ಪಶ್ಚಿಮ ಘಟ್ಟ ಉಳಿಸಿ ಎಂಬ ಫಲಕ ಹಿಡಿದ ಕೈ, ಕೋಣೆಗೆ ಮರಳಿ ಆ ದೀಪದ ಗುಂಡಿ ಒತ್ತಬಾರದು. ಮಣ್ಣನ್ನೂ ಬಿಸಿಲನ್ನೂ ತೊರೆದ ಬೆಳೆ ಬೆಟ್ಟವನ್ನು ಉಳಿಸಿದ ಉದಾಹರಣೆ ಎಲ್ಲಿಯೂ ಇಲ್ಲ.