ನಮ್ಮ ಆರೋಗ್ಯ: ಚೀಟಿಯಲ್ಲಿರುವ ಈ ‘ಪ್ಲಾಟಿನ್’ ಯಾವುದು?



ಕ್ಯಾನ್ಸರ್ ಚಿಕಿತ್ಸೆಗೆಂದು ಕಾಸರಗೋಡಿನಿಂದ ಮಂಗಳೂರಿಗೋ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ಹೋಗಿ ಬರುವ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಕಡಿಮೆಯೇನಿಲ್ಲ. ಅವರ ಚೀಟಿಯಲ್ಲಿ ಸಿಸ್‌ಪ್ಲಾಟಿನ್, ಕಾರ್ಬೋಪ್ಲಾಟಿನ್, ಆಕ್ಸಾಲಿಪ್ಲಾಟಿನ್ ಎಂಬ ಹೆಸರುಗಳಲ್ಲಿ ಒಂದಾದರೂ ಇರುವುದುಂಟು. ಕೊನೆಯ ‘ಪ್ಲಾಟಿನ್’ ಎಂದರೆ ಪ್ಲಾಟಿನಂ. ಚಿನ್ನದಂಗಡಿಯಲ್ಲಿ ಉಂಗುರವಾಗಿ ಮಾರುವ ಅದೇ ಬಿಳಿ ಲೋಹ.

ಇದು ತಿಳಿದ ಕೂಡಲೇ ಮನೆಗಳಲ್ಲಿ ಎರಡು ಬಗೆಯ ಮಾತು ಹುಟ್ಟುತ್ತದೆ. ಲೋಹವನ್ನು ರಕ್ತಕ್ಕೆ ಬಿಟ್ಟರೆ ಮನುಷ್ಯ ಉಳಿದಾನೆಯೇ ಎಂಬ ಹೆದರಿಕೆ ಒಂದು. ಲೋಹವೇ ಮದ್ದಾದರೆ ಭಸ್ಮ ಸಾಲದೇ ಎಂಬ ತರ್ಕ ಇನ್ನೊಂದು. ಎರಡರಿಂದಲೂ ಕಿಮೊ ಅರ್ಧಕ್ಕೆ ನಿಲ್ಲುವ ಅಪಾಯವಿದೆ. ಆದ್ದರಿಂದ ಈ ತಿಂಗಳು ಇದನ್ನೇ ಎತ್ತಿಕೊಂಡಿದ್ದೇವೆ.

ಈ ಮದ್ದನ್ನು ಯಾರೂ ಹುಡುಕಿಕೊಂಡು ಹೋದದ್ದಲ್ಲ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ, ವಿದ್ಯುತ್ ಹರಿಸಿದರೆ ಜೀವಕೋಶಗಳು ಒಡೆದು ಎರಡಾಗುವ ಕ್ರಿಯೆಗೆ ಏನಾಗುತ್ತದೆಂದು ನೋಡುತ್ತಿದ್ದರು. ನಮ್ಮ ಕರುಳಲ್ಲೂ ಇರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾವನ್ನು ದ್ರವದಲ್ಲಿಟ್ಟು ಪ್ಲಾಟಿನಂ ಸರಳುಗಳ ಮೂಲಕ ಕರೆಂಟು ಕೊಟ್ಟರು. ಬ್ಯಾಕ್ಟೀರಿಯಾ ಸಾಯಲಿಲ್ಲ, ಒಡೆದು ಎರಡೂ ಆಗಲಿಲ್ಲ. ದಾರದ ಹಾಗೆ ಉದ್ದಕ್ಕೆ ಬೆಳೆಯುತ್ತ ಹೋಯಿತು, ಕೆಲವು 300 ಪಟ್ಟು. ಕರೆಂಟಿನ ಮಹಿಮೆ ಎಂದುಕೊಂಡರೆ ಅದಲ್ಲ. ಸರಳಿನಿಂದ ಕರಗಿದ ಅತ್ಯಲ್ಪ ಪ್ಲಾಟಿನಂ, ದ್ರವದಲ್ಲಿದ್ದ ಅಮೋನಿಯಾ ಮತ್ತು ಕ್ಲೋರಿನ್ ಜತೆ ಕೂಡಿಕೊಂಡಿತ್ತು. ಈ ಸಂಗತಿ 1965ರಲ್ಲಿ ಪ್ರಕಟವಾಯಿತು. ಬ್ಯಾಕ್ಟೀರಿಯಾ ಒಡೆಯುವುದನ್ನು ನಿಲ್ಲಿಸುವ ವಸ್ತು ಕ್ಯಾನ್ಸರ್ ಕೋಶವನ್ನೂ ನಿಲ್ಲಿಸೀತೇ ಎಂದು ಇಲಿಗಳ ಮೇಲೆ ಪರೀಕ್ಷಿಸಿದಾಗ ಗಡ್ಡೆಗಳು ಕರಗಿದವು. ತಮಾಷೆಯೆಂದರೆ ಆ ವಸ್ತು ಹೊಸದೇ ಅಲ್ಲ. ಇಟಲಿಯ ಪೆಯ್ರೋನೆ ಎಂಬವರು 1840ರ ದಶಕದಲ್ಲೇ ತಯಾರಿಸಿದ್ದ ಉಪ್ಪು ಅದು. ನೂರಿಪ್ಪತ್ತು ವರ್ಷ ಸುಮ್ಮನೆ ಬಿದ್ದಿತ್ತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕೇರಂ ಬೋರ್ಡಿನ ನಾಲ್ಕು ಬದಿಯಲ್ಲಿ ನಾಲ್ವರು ಕುಳಿತಂತೆ ಪ್ಲಾಟಿನಂ ಸುತ್ತ ಎರಡು ಕ್ಲೋರಿನ್, ಎರಡು ಅಮೋನಿಯಾ ಇವೆ. ಕ್ಲೋರಿನ್‌ಗಳೆರಡೂ ಅಕ್ಕಪಕ್ಕದ ಬದಿಗಳಲ್ಲಿ ಕುಳಿತರೆ ಅದು ಸಿಸ್‌ಪ್ಲಾಟಿನ್. ಜತೆಗಾರರ ಹಾಗೆ ಎದುರುಬದುರು ಕುಳಿತರೆ ಟ್ರಾನ್ಸ್‌ಪ್ಲಾಟಿನ್. ಲೋಹವೂ ಅದೇ, ತೂಕವೂ ಅದೇ. ಆದರೆ ಎರಡನೆಯದರಿಂದ ರೋಗಿಗೆ ಪ್ರಯೋಜನವಿಲ್ಲ. ಸಿಸ್‌ಪ್ಲಾಟಿನ್ ಕೋಶದೊಳಗೆ ಹೋದಾಗ ಕ್ಲೋರಿನ್‌ಗಳು ಜಾಗ ಬಿಡುತ್ತವೆ. ತೆರವಾದ ಆ ಅಕ್ಕಪಕ್ಕದ ಎರಡು ಜಾಗಗಳಿಂದ ಪ್ಲಾಟಿನಂ, ಕೋಶದ ಡಿಎನ್‌ಎ ಎಳೆಯನ್ನು ಒತ್ತೊತ್ತಾದ ಎರಡು ಕಡೆ ಹಿಡಿದು ಬಗ್ಗಿಸಿಬಿಡುತ್ತದೆ. ಬಗ್ಗಿದ ಎಳೆಯ ನಕಲು ತೆಗೆಯಲಾಗದೆ ಕೋಶ ಸಾಯುತ್ತದೆ. ಅಂದರೆ ಕೆಲಸ ಮಾಡುವುದು ಲೋಹವೆಂಬ ಹೆಸರಲ್ಲ, ಅದರ ಜೋಡಣೆ. ಭಸ್ಮದ ತರ್ಕ ಇಲ್ಲಿಯೇ ಮುರಿದುಬೀಳುತ್ತದೆ. ಸೀಸ, ಪಾದರಸ ಸೇರಿದ ಮದ್ದು ಮೂತ್ರಪಿಂಡಕ್ಕೆ ಕೇಡು. ಸಿಸ್‌ಪ್ಲಾಟಿನ್ ನಡೆಯುತ್ತಿರುವಾಗ ಗುಟ್ಟಾಗಿ ತೆಗೆದುಕೊಂಡರೆ ಕೇಡು ಇಮ್ಮಡಿ. ತೆಗೆದುಕೊಂಡಿದ್ದರೆ ಡಾಕ್ಟರರಿಗೆ ಹೇಳಿಬಿಡಿ, ಬೈದರೂ ಚಿಂತಿಲ್ಲ.

ಫಲವೇನೆಂದು ಕೇಳುವಿರಾದರೆ, ವೃಷಣದ ಕ್ಯಾನ್ಸರ್ ನೋಡಿ. ಅದು ಬರುವುದು ಹೆಚ್ಚಾಗಿ ಯುವಕರಿಗೆ. ದೇಹವಿಡೀ ಹಬ್ಬಿದ ಮೇಲೆ ಬದುಕುಳಿಯುವವರು ಹಿಂದೆ ಹತ್ತರಲ್ಲಿ ಒಬ್ಬರೆಂದರೂ ಹೆಚ್ಚೇ. 1974ರಲ್ಲಿ ಇಂಡಿಯಾನಾ ವಿಶ್ವವಿದ್ಯಾನಿಲಯದ ಡಾ. ಲಾರೆನ್ಸ್ ಐನ್‌ಹಾರ್ನ್ ಬೇರೆರಡು ಮದ್ದುಗಳ ಜತೆ ಸಿಸ್‌ಪ್ಲಾಟಿನ್ ಕೊಡತೊಡಗಿದರು. ಇಂದು ಅದೇ ಸ್ಥಿತಿಯಲ್ಲಿ ಬಂದವರಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ ಗುಣವಾಗುತ್ತಾರೆ. ಎಲ್ಲ ಕ್ಯಾನ್ಸರಿಗೂ ಇಷ್ಟು ಫಲವಿಲ್ಲ, ಸುಳ್ಳು ಭರವಸೆ ನಾವು ಕೊಡಲಾರೆವು. ಆದರೆ ಗರ್ಭಕೊರಳಿನ ಕ್ಯಾನ್ಸರಿಗೂ, ಎಲೆಯಡಿಕೆ ಹೊಗೆಸೊಪ್ಪಿನಿಂದ ನಮ್ಮಲ್ಲಿ ಬರುವ ಬಾಯಿ ಗಂಟಲಿನ ಕ್ಯಾನ್ಸರಿಗೂ ರೇಡಿಯೇಷನ್ ಜತೆ ಇದನ್ನು ಕೊಡುವುದುಂಟು.

ಹೆದರಿಕೆಗೂ ಕಾರಣವಿಲ್ಲದಿಲ್ಲ. ಮೊದಲ ರೋಗಿಗಳಿಗೆ 1970ರ ದಶಕದ ಆರಂಭದಲ್ಲಿ ಕೊಟ್ಟಾಗ ಮೂತ್ರಪಿಂಡಗಳು ಹಾಳಾಗಿ, ಮದ್ದನ್ನೇ ಕೈಬಿಡುವ ಹಾಗಾಗಿತ್ತು. ಅದನ್ನು ಉಳಿಸಿದ್ದು ನೀರು. ಬಾಟಲಿಗಟ್ಟಲೆ ಸಲೈನ್ ಹರಿಸಿ ಮೂತ್ರ ಧಾರಾಳ ಹೋಗುವಂತೆ ಮಾಡಿದರೆ ಮೂತ್ರಪಿಂಡಕ್ಕೆ ಆಗುವ ಪೆಟ್ಟು ಬಹಳ ತಗ್ಗುತ್ತದೆಂದು ವೈದ್ಯರು ಕಂಡುಕೊಂಡರು. ‘ಮದ್ದು ಹೋದದ್ದು ಒಂದೆರಡು ಗಂಟೆ, ಬರೇ ಸಲೈನ್ ಕೊಟ್ಟು ದಿನವಿಡೀ ಕೂರಿಸಿದರು’ ಎಂದು ದೂರುವವರು ಇದನ್ನು ತಿಳಿದಿರಲಿ. ಆ ಸಲೈನೂ ಚಿಕಿತ್ಸೆಯೇ. ಬಸ್ಸು ತಪ್ಪುತ್ತದೆಂದು ನಡುವೆ ಕಳಚಿಸಬೇಡಿ.

ವಾಂತಿ ಎರಡನೆಯ, ಮೂರನೆಯ ದಿನವೂ ಬರಬಹುದು. ಆದ್ದರಿಂದ ವಾಂತಿಯ ಮಾತ್ರೆಯನ್ನು ವಾಂತಿ ಬಂದ ಮೇಲಲ್ಲ, ಬರೆದುಕೊಟ್ಟ ಹೊತ್ತಿಗೇ ನುಂಗಬೇಕು. ಕಿವಿಯಲ್ಲಿ ಗುಂಯ್‌ಗುಡುವುದು, ಬೆರಳು ಜೋಮು ಹಿಡಿಯುವುದು ಕಂಡರೆ ಮುಂದಿನ ಡ್ರಿಪ್ ಹಾಕುವ ಮೊದಲೇ ತಿಳಿಸಿ. ಹೋದ ಕೇಳುವಿಕೆ ಮರಳುವುದು ಕಷ್ಟ. ಕಾರ್ಬೋಪ್ಲಾಟಿನ್ ಮೂತ್ರಪಿಂಡಕ್ಕೆ ಸೌಮ್ಯ, ರಕ್ತಕಣಗಳನ್ನು ಇಳಿಸುತ್ತದೆ. ದೊಡ್ಡ ಕರುಳಿನ ಕ್ಯಾನ್ಸರಿಗೆ ಕೊಡುವ ಆಕ್ಸಾಲಿಪ್ಲಾಟಿನ್ ಪಡೆದವರು ಕೆಲ ದಿನ ಫ್ರಿಜ್ಜಿನ ನೀರು ಕುಡಿಯಬಾರದು, ತಣ್ಣಗಿನದನ್ನು ಮುಟ್ಟಲೂಬಾರದು.

ಇನ್ನು ತಪಸ್ಸು ಕಾಲದ ಪ್ರಶ್ನೆ. ಕಿಮೊ ನಡೆಯುವಾಗಲೂ ವಿಭೂತಿ ಬುಧವಾರ, ಶುಭ ಶುಕ್ರವಾರಗಳಂದು ನೀರೂ ಮುಟ್ಟದೆ ಇರಬೇಕೆನ್ನುವ ಹಿರಿಯರಿದ್ದಾರೆ. ಅವರ ಭಕ್ತಿಗೆ ನಮ್ಮ ಗೌರವವಿದೆ. ಆದರೆ ರೋಗಿಗಳಿಗೆ ಉಪವಾಸದ ಕಟ್ಟುಪಾಡಿಲ್ಲ, ಅರುವತ್ತು ಸಮೀಪಿಸಿದ ಮೇಲಂತೂ ಯಾರಿಗೂ ಇಲ್ಲ. ಡಾಕ್ಟರರು ಹೇಳಿದಷ್ಟು ನೀರು ಆ ದಿನಗಳಲ್ಲೂ ಕುಡಿಯಲೇಬೇಕು. ಪರಮ ಪ್ರಸಾದದ ಮುಂಚಿನ ಒಂದು ಗಂಟೆಯ ಉಪವಾಸವೂ ನೀರಿನಿಂದ ಮುರಿಯುವುದಿಲ್ಲ. ರೋಗಿಗೂ, ರೋಗಿಯ ಪಕ್ಕ ಕುಳಿತು ನೋಡಿಕೊಳ್ಳುವವರಿಗೂ ಊಟ ಮಾಡಿದ್ದರೂ ಅಡ್ಡಿಯಿಲ್ಲ.