ಪುಟ ತಿರುಗಿಸಿದ್ರೆ ಬಟ್ಟೆಯ ಹಿಂಭಾಗ ಕಾಣಬೇಕು

ಸೆಮಿಸ್ಟರ್ ರಜೆಗೆ ಸಂಡೂರಿಗೆ ಹೋದಾಗ ನಾವು ಅಕ್ಕ-ತಂಗಿ ಸೇರಿ ಮನೆಯ ಕಪಾಟು ಖಾಲಿ ಮಾಡಿದ್ವಿ. ಸಿಇಟಿ ಗೈಡ್‌ಗಳೆಲ್ಲ ರದ್ದಿಗೆ ಹೋದ ಮೇಲೆ ಒಂದು ಇಡೀ ಸಾಲು ಉಳೀತು. ಅಲ್ಲಿ ಹೊಲಿಗೆ, ಹೆಣಿಗೆ, ಕಸೂತಿ ಪುಸ್ತಕಗಳನ್ನೇ ಇಡೋಣ ಅಂತ ತೀರ್ಮಾನ ಆಯ್ತು. ಆನ್‌ಲೈನ್‌ನಲ್ಲಿ ಹುಡುಕಿದರೆ ಮೊದಲು ಬಂದಿದ್ದೆಲ್ಲ ಉಲ್ಲನ್ ಪುಸ್ತಕಗಳು: ಸ್ವೆಟರ್, ಕಾಲುಚೀಲ, ಮಫ್ಲರ್. ನಮ್ಮೂರಿನ ಬಿಸಿಲಲ್ಲಿ ಮಫ್ಲರ್ ಹಾಕ್ಕೊಂಡು ಎಲ್ಲಿಗೆ ಹೋಗೋದು? ನಮ್ಮ ಮನೇಲಿರೋದು ಹೆಣಿಗೆ ಕಡ್ಡಿ ಅಲ್ಲ, ಸೂಜಿ. ಅಜ್ಜಿ ಲಂಬಾಣಿ ಕಸೂತಿ ಹಾಕ್ತಾಳೆ.

ಒಬ್ಬರ ಹತ್ರ ಕೇಳಿ ಒಂದು ದಪ್ಪ ಫೋಟೋ ಪುಸ್ತಕ ತಂದು ಅಜ್ಜಿ ಮುಂದೆ ಇಟ್ವಿ. ಪುಟ ತುಂಬ ಕನ್ನಡಿ ಕೂರಿಸಿದ ಕೆಂಪು ಬಟ್ಟೆ. ಅಜ್ಜಿ ಸ್ವಲ್ಪ ಹೊತ್ತು ನೋಡಿದಳು, ಬೆರಳಿಂದ ಸವರಿದಳು, ಆಮೇಲೆ ಪುಟ ತಿರುಗಿಸಿದಳು. ಹಿಂದೆ ಒಂದು ಒಂಟೆಯ ಚಿತ್ರ ಇತ್ತು. "ಇದರ ಹಿಂದ ಎಲ್ಲೈತಿ?" ಅಂದಳು. ಅವಳಿಗೆ ಬೇಕಾಗಿದ್ದು ಬಟ್ಟೆಯ ಹಿಂಭಾಗ. ದಾರ ಎಲ್ಲಿ ಇಳಿದು ಎಲ್ಲಿ ಎದ್ದಿದೆ ಅನ್ನೋದು ಅಲ್ಲೇ ಗೊತ್ತಾಗೋದು. ನಾವು ನಕ್ಕುಬಿಟ್ವಿ. ರಾತ್ರಿ ಯೋಚನೆ ಮಾಡಿದಾಗ ಅಜ್ಜಿ ಹೇಳಿದ್ದೇ ಸರಿ ಅನ್ನಿಸ್ತು. ಬರೀ ಫ್ರಂಟ್ ವ್ಯೂ ಕೊಟ್ಟು ಪಾರ್ಟ್ ಮಾಡು ಅಂದ್ರೆ ಯಾವ ವರ್ಕ್‌ಶಾಪ್‌ನಲ್ಲೂ ಆಗಲ್ಲ ಅಲ್ವಾ?

ಹಾಗಾಗಿ ನಮ್ಮ ಮೊದಲ ಅಭಿಪ್ರಾಯ ಇದು: ಮನೆಯಲ್ಲಿ ಇಡೋ ಕೈಕೆಲಸದ ಪುಸ್ತಕ ನೋಡೋಕೆ ಚೆಂದ ಇದ್ರೆ ಸಾಲದು. ಹೊಲಿಗೆಯ ದಾರಿ ತೋರಿಸಬೇಕು, ಹಿಂದಿನದೂ ಕಾಣಬೇಕು. ಕೈಯಲ್ಲಿ ಸೂಜಿ ಇರುವಾಗ ತಾನಾಗೇ ಮುಚ್ಚಿಕೊಳ್ಳಬಾರದು. ಯಾರ ಕೆಲಸ, ಯಾವ ಊರು ಅಂತ ಹೇಳಬೇಕು.

ಈ ಲೆಕ್ಕದಲ್ಲಿ ನಾವು ಮೂರು ಪುಸ್ತಕ ಆರಿಸಿದ್ವಿ. ಒಂದು, ತೆರೇಸ್ ದ ದಿಲ್ಮೋಂ ಅವರ 1886ರ 'ಎನ್‌ಸೈಕ್ಲೋಪೀಡಿಯಾ ಆಫ್ ನೀಡಲ್‌ವರ್ಕ್'. ಹಳೇದು, ಆದ್ರೆ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತೆ. ಕೈ ಹೇಗೆ ಹಿಡೀಬೇಕು ಅನ್ನೋದರಿಂದ ಹಿಡಿದು ಹರಿದ ಬಟ್ಟೆ ರಿಪೇರಿವರೆಗೂ ರೇಖಾಚಿತ್ರ ಇದೆ. ಉಲ್ಲನ್ ಹೆಣಿಗೆಯ ಅಧ್ಯಾಯವೂ ಇದೆ. ಎರಡು, ಮಂಗಳೂರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರ 'ಇಂಡಿಯನ್ ಎಂಬ್ರಾಯ್ಡರಿ' (1977). ನಮ್ಮ ಕಸೂತಿಯನ್ನ ದೇಶದ ಬೇರೆ ಕಸೂತಿಗಳ ಪಕ್ಕ ಇಟ್ಟು ನೋಡೋಕೆ ಇದು ಬೇಕು. ಮೂರು, ಚಾರ್ಲಟ್ ಕ್ವಾನ್ ಮತ್ತು ಟಿಮ್ ಮೆಕ್‌ಲಾಫ್ಲಿನ್ ಬರೆದ 'ಟೆಕ್ಸ್‌ಟೈಲ್ಸ್ ಆಫ್ ದ ಬಂಜಾರಾ' (2016). ಇದು ಲಂಬಾಣಿ ಬಟ್ಟೆಗಳ ಮೇಲೇ ಬಂದ ಪುಸ್ತಕ. ದುಡ್ಡು ಕೂಡಿಸಿದ ಮೇಲೆ ಕೊಳ್ಳೋದು.

ಮೂರೂ ಇಂಗ್ಲಿಷ್. ನಾವು ಇಂಗ್ಲಿಷ್ ಮೀಡಿಯಂನವರು, ಓದೋಕೆ ತೊಂದ್ರೆ ಇಲ್ಲ. ತೊಂದ್ರೆ ಬಂದಿದ್ದು ಬೇರೆ ಕಡೆ. ಲಂಬಾಣಿ ಕಸೂತಿಯಲ್ಲಿ 14 ಬಗೆ ಹೊಲಿಗೆ ಅಂತ ಹೇಳ್ತಾರೆ. ಅವುಗಳ ಹೆಸರು ನಾವು ಮೊದಲು ಓದಿದ್ದು ಇಂಗ್ಲಿಷ್ ಅಕ್ಷರದಲ್ಲಿ. ಕಿಲನ್ನೋ ಕೀಲಣ್ಣೋ? ಮಕಿಯೋ ಮಾಕಿಯೋ? ಜೊಲ್ಯಾನೋ ಜೋಳ್ಯಾನೋ? ಲ ಮತ್ತು ಳ ಎರಡಕ್ಕೂ ಒಂದೇ ಅಕ್ಷರ ಇರೋ ಲಿಪಿಯಲ್ಲಿ ಉತ್ತರ ಸಿಗಲ್ಲ. ಪಕ್ಕದ ಕೋಣೇಲಿ ಕೂತ ಅಜ್ಜಿಯ ಕೆಲಸದ ಹೆಸರನ್ನ ನಾವು ಸ್ಪೆಲ್ಲಿಂಗ್ ನೋಡಿ ಊಹೆ ಮಾಡ್ತಿದ್ವಿ. ಇದು ನಾಚಿಕೆ ವಿಷಯ ಅಂತ ಒಪ್ಕೋತೀವಿ.

"ಯೂಟ್ಯೂಬ್ ಇದೆಯಲ್ಲ, ಪುಸ್ತಕ ಯಾಕೆ?" ಅಂತ ಹಾಸ್ಟೆಲ್‌ನಲ್ಲಿ ಕೇಳಿದ್ರು. ವಿಡಿಯೋ ಒಳ್ಳೇದೇ. ಆದ್ರೆ ಹುಡುಕೋಕೂ ಹೆಸರು ಗೊತ್ತಿರಬೇಕು. "ಅಜ್ಜಿ ಪುಸ್ತಕ ನೋಡಿ ಕಲಿತಳಾ?" ಅಂತ ಇನ್ನೊಬ್ಬರು. ಇಲ್ಲ. ಆದ್ರೆ ಅಜ್ಜಿಗೆ ಏಳು ವರ್ಷ ಇದ್ದಾಗ ಅವಳ ಯಾಡಿ ಪಕ್ಕದಲ್ಲಿ ಕೂತು ಹೊಲೀತಿದ್ದಳು. ನಮಗೆ ಏಳು ವರ್ಷ ಇದ್ದಾಗ ನಾವು ಸ್ಕೂಲ್ ಬಸ್ಸಿನಲ್ಲಿ ರೈಮ್ಸ್ ಹೇಳ್ತಿದ್ವಿ. ನಮ್ಮನ್ನ ಹಾಗೆ ಓದಿಸಿದವರೂ ಅಜ್ಜಿಯಂಥವರೇ, ಅವರನ್ನ ದೂರೋದಿಲ್ಲ. ಆದ್ರೆ ತಪ್ಪಿಹೋದ ಆ ವರ್ಷಗಳ ಜಾಗದಲ್ಲಿ ಈಗ ಏನಾದ್ರೂ ಇಡಬೇಕಲ್ಲ.

ಸಂಡೂರು ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ ಇದೆ. ಜುಲೈ 2023ರಲ್ಲಿ ಹಂಪಿಯ ಜಿ20 ಸಭೆ ಹೊತ್ತಿಗೆ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಮಾಡಿದ 1755 ತುಂಡುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ನಾವೂ ಸ್ಟೇಟಸ್ ಹಾಕಿದ್ವಿ. ಆದ್ರೆ ಸ್ಟೇಟಸ್ ಮಾರನೇ ದಿನ ಹೋಗುತ್ತೆ, ದಾಖಲೆಯಿಂದ ಹೊಲಿಗೆ ಹಾಕೋಕೆ ಬರಲ್ಲ.

ಅದಕ್ಕೇ ನಾಲ್ಕನೇ ಪುಸ್ತಕ ನಾವೇ ಮಾಡ್ತಿದೀವಿ. ಒಂದು ಇನ್ನೂರು ಪುಟದ ನೋಟ್‌ಬುಕ್. ಎಡ ಪುಟಕ್ಕೆ ಅಜ್ಜಿ ಹಾಕಿಕೊಟ್ಟ ಅಂಗೈಯಗಲ ಬಟ್ಟೆ, ಮೇಲಿನ ಅಂಚನ್ನ ಮಾತ್ರ ಹೊಲಿದಿದೀವಿ, ಎತ್ತಿದ್ರೆ ಹಿಂಭಾಗ ಕಾಣಲಿ ಅಂತ. ಬಲ ಪುಟದಲ್ಲಿ ಗ್ರಾಫ್ ಮೇಲೆ ದಾರದ ದಾರಿ, ಅಜ್ಜಿ ಅಂದ ಹಾಗೇ ಗೋರ್‌ಬೋಲಿ ಹೆಸರು ಕನ್ನಡ ಲಿಪಿಯಲ್ಲಿ. ರಜೆ ಮುಗಿಯೋ ಹೊತ್ತಿಗೆ ಐದು ಹೊಲಿಗೆ ಆಗಿತ್ತು. ಸಂಜೆಯಾದ್ರೆ ಅಜ್ಜಿಗೆ ಕಣ್ಣು ಮಂಜಾಗುತ್ತೆ, ಬೆಳಿಗ್ಗೆ ಮಾತ್ರ ಕೂರ್ತಾಳೆ.

ನಿಮ್ಮ ಮನೆಯಲ್ಲೂ ಕೌದಿಯೋ, ಕಸೂತಿಯೋ, ಬುಟ್ಟಿ ಹೆಣೆಯೋದೋ ಇರಬಹುದು. ಪುಸ್ತಕ ಖಂಡಿತ ಕೊಳ್ಳಿ. ಆದ್ರೆ ಮೊದಲು ಒಂದು ಖಾಲಿ ನೋಟ್‌ಬುಕ್ ಕೊಳ್ಳಿ. ಅಂಗಡಿಯಲ್ಲಿರೋ ಪುಸ್ತಕ ಮುಂದಿನ ವರ್ಷಾನೂ ಸಿಗುತ್ತೆ. ನಮಗೆ ಇನ್ನೂ ಒಂಬತ್ತು ಹೊಲಿಗೆ ಬಾಕಿ ಇದೆ, ಇಂಟರ್ನಲ್ಸ್ ಮುಗಿದ ಶನಿವಾರವೇ ಊರಿನ ಬಸ್ ಹತ್ತೋರಿದೀವಿ.